ಲಾಗಿನ್ ಆದ ಮೇಲೆ ಸೈಟ್ ತೆವಳೋದು ಯಾಕೆ? ಅಥೆಂಟಿಕೇಶನ್ ಕ್ಯಾಶ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಕಡೆಯ ಕಾಲೇಜು ಕಚೇರಿ, ಮಂಡಿ, ಸಹಕಾರ ಸಂಘ, ನರ್ಸಿಂಗ್ ಹೋಮ್‌ಗಳಲ್ಲಿ ಸರ್ವರ್ ನೋಡಿಕೊಳ್ಳುವವರಿಗಾಗಿ ಈ ಪುಟ. ನಮ್ಮಲ್ಲಿ ಬಹಳ ಕಡೆ ಒಬ್ಬರೇ ಎಲ್ಲಾ ನೋಡಬೇಕು. ಪ್ರಿಂಟರ್ ಕೆಟ್ಟರೂ ಅವರನ್ನೇ ಕರೆಯುತ್ತಾರೆ, ಸರ್ವರ್ ನಿಂತರೂ ಅವರನ್ನೇ. ಸೈಟ್ ನಿಧಾನವಾದರೆ ಮೊದಲ ಅನುಮಾನ ಇಂಟರ್ನೆಟ್ ಲೈನಿನ ಮೇಲೆ, ಆಮೇಲೆ ರ‍್ಯಾಮ್ ಮೇಲೆ. ಲಾಗಿನ್ ತಪಾಸಣೆ ಕಡೆ ಯಾರಾದರೂ ತಿರುಗಿ ನೋಡುವ ಹೊತ್ತಿಗೆ ಹೊಸ ಸರ್ವರಿನ ಕೊಟೇಶನ್ ಬಂದಿರುತ್ತದೆ. ಆ ಖರ್ಚಿಗೆ ಮುಂಚೆ ಒಂದು ಸಲ ಇದನ್ನು ಓದಿ. ಅಥೆಂಟಿಕೇಶನ್ ಎಂದರೆ ಬಂದವರ ಹೆಸರು, ಪಾಸ್‌ವರ್ಡ್ ಸರಿಯೇ ಎಂಬ ತಪಾಸಣೆ. ಕ್ಯಾಶ್ ಎಂದರೆ ಆ ತಪಾಸಣೆಗೆ ಬೇಕಾದ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವುದು.

ಲಾಗಿನ್ ತಪಾಸಣೆಯಿಂದಲೇ ಸ್ಲೋ ಆಗಿದೆ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ಊಹೆ ಬೇಡ, ಅಳೆಯಿರಿ. ಒಂದು ಸಣ್ಣ ಚಿತ್ರದ ಫೈಲನ್ನು ಎರಡು ಕಡೆ ಇಡಿ: ಒಂದು ಪ್ರತಿ ಲಾಗಿನ್ ಬೇಡದ ಫೋಲ್ಡರಿನಲ್ಲಿ, ಇನ್ನೊಂದು ಲಾಗಿನ್ ಕೇಳುವ ಫೋಲ್ಡರಿನಲ್ಲಿ. ಸರ್ವರ್ ಮುಂದೆಯೇ ಕೂತು ಕರ್ಲ್‌ನಿಂದ (ಆದೇಶ ಕೊಟ್ಟು ವೆಬ್ ಫೈಲ್ ತರಿಸುವ ಉಪಕರಣ) ಎರಡನ್ನೂ ಹತ್ತಾರು ಸಲ ತರಿಸಿ ನೋಡಿ. ಡಿಎನ್‌ಎಸ್‌ಗೆ (ಹೆಸರಿನಿಂದ ಐಪಿ ಹುಡುಕಲು) ಎಷ್ಟು ಹೊತ್ತು, ಕನೆಕ್ಷನ್‌ಗೆ ಎಷ್ಟು, ಟಿಎಲ್‌ಎಸ್‌ಗೆ (ಗುಪ್ತ ಸಂಪರ್ಕ ಕಟ್ಟಲು) ಎಷ್ಟು, ಮೊದಲ ಬೈಟ್ ಬರಲು ಎಷ್ಟು ಎಂಬುದನ್ನು ಕರ್ಲ್ ಬಿಡಿಬಿಡಿಯಾಗಿ ಹೇಳುತ್ತದೆ. ಫೈಲ್ ಅದೇ, ಡಿಸ್ಕ್ ಅದೇ, ಲೈನ್ ಅದೇ. ಲಾಗಿನ್ ಇಲ್ಲದ್ದು 2 ಮಿಲಿಸೆಕೆಂಡಿಗೆ ಬಂದು, ಲಾಗಿನ್ ಇರುವುದು 400 ಮಿಲಿಸೆಕೆಂಡ್ ತೆಗೆದುಕೊಂಡರೆ ಉಳಿದ 398 ಹೋಗಿದ್ದು ತಪಾಸಣೆಗೇ.

ಜೊತೆಗೆ ಆಕ್ಸೆಸ್ ಲಾಗ್‌ನಲ್ಲಿ ಸಮಯ ಬೀಳುವಂತೆ ಮಾಡಿ. ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ ಲಾಗ್ ಫಾರ್ಮ್ಯಾಟ್‌ನಲ್ಲಿ ಶೇಕಡಾ ಚಿಹ್ನೆಯ ಮುಂದೆ ದೊಡ್ಡ 'ಡಿ' ಹಾಕಿದರೆ ಪ್ರತಿ ರಿಕ್ವೆಸ್ಟ್ ಎಷ್ಟು ಮೈಕ್ರೋಸೆಕೆಂಡ್ ಹಿಡಿಯಿತು ಎಂದು ಬರುತ್ತದೆ. ಇನ್ನೊಂದು ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನಲ್ಲಿ ಒಟ್ಟು ಸಮಯವನ್ನೂ ಅದರ ಹಿಂದೆ ನಿಂತು ಪುಟ ಕೊಡುವ ಸರ್ವರ್ ತೆಗೆದುಕೊಂಡ ಸಮಯವನ್ನೂ ಬೇರೆ ಬೇರೆ ಬರೆಸಬಹುದು. ಒಂದು ದಿನದ ಲಾಗ್ ಕೈಯಲ್ಲಿದ್ದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಪುಟಕ್ಕೆ ಮಾತ್ರವಲ್ಲ, ಅದರೊಳಗಿನ ಲೋಗೋ, ಸಿಎಸ್‌ಎಸ್, ಐಕಾನ್ ಎಲ್ಲದಕ್ಕೂ ಅದೇ 400 ಮಿಲಿಸೆಕೆಂಡ್ ಸೇರಿದ್ದರೆ ಡೇಟಾಬೇಸ್ ಕ್ವೆರಿಯನ್ನೋ ಕೋಡನ್ನೋ ದೂರುವುದರಲ್ಲಿ ಅರ್ಥವಿಲ್ಲ. ಲೋಗೋ ತೋರಿಸಲು ಯಾವ ಕ್ವೆರಿಯೂ ಓಡುವುದಿಲ್ಲ.

ಒಂದ್ಸಲ ಲಾಗಿನ್ ಆದ್ರೆ ಮುಗೀತಲ್ಲ ಸಾರ್, ಪ್ರತಿ ಸಲ ಯಾಕೆ ತಪಾಸಣೆ?

ಬಳಕೆದಾರರಿಗೆ ಮುಗಿದಿರುತ್ತದೆ, ಸರ್ವರಿಗೆ ಮುಗಿದಿರುವುದಿಲ್ಲ. ಎಚ್‌ಟಿಟಿಪಿಗೆ ಹಿಂದಿನ ರಿಕ್ವೆಸ್ಟಿನ ನೆನಪು ಇರುವುದಿಲ್ಲ. ಬೇಸಿಕ್ ಅಥೆಂಟಿಕೇಶನ್ ಇದ್ದರೆ ಬ್ರೌಸರ್ ಪ್ರತಿ ರಿಕ್ವೆಸ್ಟಿನ ಜೊತೆಗೂ ಹೆಸರು, ಪಾಸ್‌ವರ್ಡ್ ಕಳಿಸುತ್ತಲೇ ಇರುತ್ತದೆ, ಸರ್ವರ್ ಪ್ರತಿ ಸಲವೂ ಮೊದಲಿನಿಂದ ಪರೀಕ್ಷಿಸುತ್ತದೆ. ಹರಿಹರ ಬಸ್ಸಿನಲ್ಲಿ ಸ್ಟಾಪ್ ಸ್ಟಾಪಿಗೂ ಕಂಡಕ್ಟರ್ ಬಂದು ಪಾಸ್ ತೋರಿಸಿ ಅಂದ ಹಾಗೆ. ಒಂದು ಪುಟದಲ್ಲಿ 60 ಫೈಲ್ ಇದ್ದರೆ 60 ತಪಾಸಣೆ. ಹಿಂದಿರುವುದು ಎಲ್‌ಡ್ಯಾಪ್ ಡೈರೆಕ್ಟರಿಯೋ (ಬಳಕೆದಾರರ ಪಟ್ಟಿ ಇಡುವ ಕೇಂದ್ರ ವ್ಯವಸ್ಥೆ) ಡೇಟಾಬೇಸೋ ಆಗಿದ್ದರೆ 60 ಸಲ ಅಲ್ಲಿಗೆ ಓಡಾಟ.

ಅದಕ್ಕೇ ಕ್ಯಾಶ್‌ಗೆ ಕೈ ಹಾಕುವ ಮುಂಚೆ ತಪಾಸಣೆಗಳ ಸಂಖ್ಯೆಯನ್ನೇ ಇಳಿಸಿ. ಸಿಎಸ್‌ಎಸ್, ಫಾಂಟ್, ಲೋಗೋ, ಬ್ಯಾನರ್ ಚಿತ್ರಗಳಲ್ಲಿ ಯಾವ ಗುಟ್ಟೂ ಇಲ್ಲ. ಅವನ್ನು ಲಾಗಿನ್ ಬೇಡದ ಫೋಲ್ಡರಿಗೆ ಸಾಗಿಸಿ, ಬ್ರೌಸರಿನಲ್ಲೇ ಬಹುಕಾಲ ಉಳಿಯುವಂತೆ ಹೆಡರ್ ಕೊಡಿ. ಎಷ್ಟೋ ಕಡೆ ಇಷ್ಟು ಮಾಡಿದ್ದಕ್ಕೇ ದೂರು ನಿಂತಿದೆ.

ಲಾಗ್‌ನಲ್ಲಿ ಪ್ರತಿ ಫೈಲಿಗೂ ಮೊದಲು 401, ಆಮೇಲೆ 200 ಕಾಣ್ತಿದೆ. ಇದು ತಪ್ಪಾ?

401 ಎಂದರೆ 'ಲಾಗಿನ್ ಬೇಕು', 200 ಎಂದರೆ 'ಸರಿ'. ಮೊದಲ ಒಂದು 401 ಸಹಜ. ಲಾಗಿನ್ ಬೇಕು ಎಂದು ಬ್ರೌಸರಿಗೆ ಗೊತ್ತಾಗುವುದೇ ಅದರಿಂದ. ಪ್ರತಿ ಫೈಲಿಗೂ ಹಾಗೇ ಆಗುತ್ತಿದ್ದರೆ ಒಂದೊಂದಕ್ಕೂ ಎರಡೆರಡು ಪ್ರಯಾಣ ಆಗುತ್ತಿದೆ ಎಂದರ್ಥ. ವಿಂಡೋಸ್ ಲಾಗಿನ್ ಇರುವ ಕಡೆ 401, 401, 200 ಎಂದು ಮೂರು ಸಾಲು ಕಂಡರೆ ಅದು ಎನ್‌ಟಿಎಲ್‌ಎಂ, ವಿಂಡೋಸ್‌ನ ಒಂದು ಹಳೆಯ ಲಾಗಿನ್ ವಿಧಾನ. ಎನ್‌ಟಿಎಲ್‌ಎಂ ಕನೆಕ್ಷನ್ನಿಗೆ ಒಂದು ಸಲ ತಪಾಸಣೆ ಮಾಡುತ್ತದೆ. ಹಾಗಾಗಿ ಮಧ್ಯದಲ್ಲಿರುವ ಪ್ರಾಕ್ಸಿ ಪ್ರತಿ ರಿಕ್ವೆಸ್ಟಿಗೂ ಕನೆಕ್ಷನ್ ಮುಚ್ಚಿಬಿಟ್ಟರೆ ಪ್ರತಿ ಸಲವೂ ಮೂರು ಹಂತದ ಆಟ ಶುರುವಾಗುತ್ತದೆ. ಕನೆಕ್ಷನ್ ತೆರೆದೇ ಇಡುವ ಕೀಪ್-ಅಲೈವ್ ಆನ್ ಇದೆಯೇ ನೋಡಿ.

ಅಪಾಚೆಯಲ್ಲಿ ಅಥೆಂಟಿಕೇಶನ್ ಕ್ಯಾಶ್ ಆನ್ ಮಾಡಿದ್ದೀವಿ, ಏನೂ ವ್ಯತ್ಯಾಸ ಇಲ್ಲ.

ಇದೇ ಅತಿ ಹೆಚ್ಚು ಬರುವ ಪ್ರಶ್ನೆ. ಅಪಾಚೆ 2.4ರಲ್ಲಿ ಇದಕ್ಕೆಂದೇ ಇರುವುದು ಮಾಡ್ ಆಥ್‌ಎನ್ ಸೋಕ್ಯಾಶ್ ಎಂಬ ಮಾಡ್ಯೂಲ್. ಅದು ಲೋಡ್ ಆಗಿದ್ದೂ ಕೆಲಸ ಮಾಡದಿರುವುದು ಸಾಮಾನ್ಯವಾಗಿ ಈ ಕಾರಣಗಳಿಗೆ.

ಮೊದಲನೆಯದು ಸರದಿ. ಪ್ರೊವೈಡರ್ (ಪಾಸ್‌ವರ್ಡ್ ವಿವರ ಕೊಡುವ ಮೂಲ) ಪಟ್ಟಿಯಲ್ಲಿ ಸೋಕ್ಯಾಶ್ ಮೊದಲು ಬರಬೇಕು, ಡೇಟಾಬೇಸ್ ಆಮೇಲೆ. ತಿರುಗುಮುರುಗಾದರೆ ಡೇಟಾಬೇಸನ್ನೇ ಮೊದಲು ಕೇಳಿ ಉತ್ತರ ಸಿಕ್ಕಿಬಿಡುತ್ತದೆ, ಕ್ಯಾಶ್ ಕಡೆ ಯಾರೂ ಬರುವುದೇ ಇಲ್ಲ. ಯಾವ ಪ್ರೊವೈಡರಿನ ಉತ್ತರವನ್ನು ಕ್ಯಾಶ್ ಮಾಡಬೇಕು ಎಂಬುದನ್ನೂ ಬೇರೆ ಸಾಲಿನಲ್ಲಿ ಹೇಳಲೇಬೇಕು.

ಎರಡನೆಯದು ಕಾಂಟೆಕ್ಸ್ಟ್, ಬಹಳ ಜನ ಎಡವುವುದು ಇಲ್ಲಿ. ಅದರ ಡೀಫಾಲ್ಟ್ 'ಡೈರೆಕ್ಟರಿ'. ಅಂದರೆ ಸಂರಚನೆಯಲ್ಲಿ ಬೇರೆ ಬೇರೆಯಾಗಿ ಹೇಳಿದ ಒಂದೊಂದು ಫೋಲ್ಡರಿಗೂ ಬೇರೆ ಬೇರೆ ನೆನಪು. ವಿದ್ಯಾರ್ಥಿಯೊಬ್ಬ ಹಾಜರಾತಿ ಫೋಲ್ಡರಿನಲ್ಲಿ ಪಾಸಾದದ್ದು ಅಂಕಪಟ್ಟಿ ಫೋಲ್ಡರಿಗೆ ಗೊತ್ತಾಗುವುದಿಲ್ಲ. ಇಡೀ ಸೈಟಿಗೆ ಒಂದೇ ಬಳಕೆದಾರರ ಪಟ್ಟಿ ಇದ್ದರೆ ಇದನ್ನು 'ಸರ್ವರ್' ಎಂದು ಬದಲಾಯಿಸಿ. ಬೇರೆ ಫೋಲ್ಡರುಗಳಿಗೆ ಬೇರೆ ಪಾಸ್‌ವರ್ಡ್ ಪಟ್ಟಿ ಇದ್ದರೆ ಮಾತ್ರ ಹಾಗೆ ಮಾಡಬೇಡಿ. ಒಂದೇ ಹೆಸರಿನ ಇಬ್ಬರು ಎರಡು ಪಟ್ಟಿಯಲ್ಲಿದ್ದರೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ನುಗ್ಗುವ ಅಪಾಯ ಇದೆ.

ಇನ್ನು ಆಯಸ್ಸು. ಡೀಫಾಲ್ಟ್ 300 ಸೆಕೆಂಡ್. ಯಾರೋ 'ಸುರಕ್ಷತೆಗಾಗಿ' 5 ಸೆಕೆಂಡಿಗೆ ಇಳಿಸಿಟ್ಟು ಮರೆತಿರಬಹುದು.

ಈ ಮಾಡ್ಯೂಲ್ ಎಲ್‌ಡ್ಯಾಪ್‌ಗೆ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ. ಅದಕ್ಕೆ ತನ್ನದೇ ಬೇರೆ ಕ್ಯಾಶ್ ಇದೆ.

ನಮ್ಮದು ಎಲ್‌ಡ್ಯಾಪ್. ಕಾಲೇಜು ಶುರುವಾದ ಕೂಡ್ಲೇ ಸ್ಲೋ, ಸಂಜೆ ಸರಿಯಾಗುತ್ತೆ. ಯಾಕ್ರೀ?

ಅಪಾಚೆಯ ಎಲ್‌ಡ್ಯಾಪ್ ಮಾಡ್ಯೂಲ್ ಹುಡುಕಾಟ ಮತ್ತು ಪಾಸ್‌ವರ್ಡ್ ಪರೀಕ್ಷೆಯ ಫಲಿತಾಂಶಗಳನ್ನು ಡೀಫಾಲ್ಟ್ ಆಗಿ 1024 ನಮೂದುಗಳವರೆಗೆ, 600 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಗುಂಪಿನ ಸದಸ್ಯತ್ವದಂಥ ಹೋಲಿಕೆಗಳಿಗೆ ಬೇರೆ ಕ್ಯಾಶ್, ಅದಕ್ಕೂ ಅದೇ 1024, ಅದೇ 600. ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಬೆಳಿಗ್ಗೆ ಎರಡು ಸಾವಿರ ವಿದ್ಯಾರ್ಥಿಗಳು ಹಾಜರಾತಿ ನೋಡಲು ಬಂದರೆ 1024 ಸಾಲುವುದಿಲ್ಲ. ಹೊಸಬರಿಗೆ ಜಾಗ ಮಾಡಲು ಹಳಬರು ಹೊರಗೆ, ಅವರು ಮತ್ತೆ ಕ್ಲಿಕ್ ಮಾಡಿದರೆ ಡೈರೆಕ್ಟರಿಗೆ ಮತ್ತೆ ಪ್ರಶ್ನೆ. ಕ್ಯಾಶ್ ಇದ್ದೂ ಇಲ್ಲದಂತೆ. ಸಂಜೆ ಜನ ಕಡಿಮೆಯಾದಾಗ ಎಲ್ಲರಿಗೂ ಜಾಗ ಸಿಗುತ್ತದೆ, ಸೈಟ್ ತಾನಾಗಿಯೇ ಸರಿಯಾದಂತೆ ಕಾಣುತ್ತದೆ. ಲೈನ್ ಲೋಡ್ ಕಡಿಮೆ ಆಗಿದ್ದಕ್ಕೆ ಹೀಗಾಯಿತು ಎಂದು ಎಲ್ಲರೂ ನಂಬಿಬಿಡುತ್ತಾರೆ.

ಈ ಮಾಡ್ಯೂಲಿಗೆ 'ಎಲ್‌ಡ್ಯಾಪ್-ಸ್ಟೇಟಸ್' ಎಂಬ ಹ್ಯಾಂಡ್ಲರ್ ಇದೆ. ಅದನ್ನು ಕಚೇರಿಯೊಳಗಿನ ಐಪಿಗೆ ಮಾತ್ರ ತೆರೆದಿಡಿ. ಎಷ್ಟು ನಮೂದು ಇದೆ, ಎಷ್ಟು ಸಲ ಕ್ಯಾಶ್‌ನಲ್ಲೇ ಉತ್ತರ ಸಿಕ್ಕಿತು ಎಂಬುದು ಅಲ್ಲಿ ಕಾಣುತ್ತದೆ. ಬೆಳಗಿನ ಗದ್ದಲದಲ್ಲಿ ಆ ಪುಟ ತೆರೆದುಕೊಂಡು ಕೂತರೆ ಸಾಕು, ಬೇರೆ ಸಾಕ್ಷಿ ಬೇಡ. ನಮೂದಿನ ಮಿತಿ ಏರಿಸುವಾಗ ಹಂಚಿಕೆಯ ಮೆಮೊರಿಯ ಗಾತ್ರವನ್ನೂ ಏರಿಸಿ. ಅದು ಡೀಫಾಲ್ಟ್ 5 ಲಕ್ಷ ಬೈಟ್, ಇವತ್ತಿನ ಲೆಕ್ಕಕ್ಕೆ ಬಹಳ ಚಿಕ್ಕದು. ಒಂದನ್ನು ಏರಿಸಿ ಇನ್ನೊಂದನ್ನು ಬಿಟ್ಟರೆ ಕೆಲಸ ಅರ್ಧಕ್ಕೇ ನಿಂತಂತೆ.

ನಮ್ಮಲ್ಲಿ ತಡ ಯಾವಾಗ್ಲೂ ಹೆಚ್ಚುಕಡಿಮೆ 5 ಸೆಕೆಂಡ್, ಕೆಲವು ಸಲ 10.

ಇಷ್ಟು ದುಂಡಗಿನ ಸಂಖ್ಯೆ ಕಂಡರೆ ಕ್ಯಾಶ್ ಬಿಟ್ಟು ಡಿಎನ್‌ಎಸ್ ನೋಡಿ. ಲಿನಕ್ಸ್‌ನಲ್ಲಿ ಒಂದು ಡಿಎನ್‌ಎಸ್ ಸರ್ವರ್ ಉತ್ತರಿಸದಿದ್ದರೆ 5 ಸೆಕೆಂಡ್ ಕಾದು ಮುಂದಿನದಕ್ಕೆ ಹೋಗುವುದು ಡೀಫಾಲ್ಟ್. ಕಚೇರಿಯಲ್ಲಿ ಇಂಟರ್ನೆಟ್ ಕಂಪನಿ ಬದಲಾಯಿಸಿ, ಹಳೆಯ ಲೈನಿನ ಡಿಎನ್‌ಎಸ್ ನಂಬರ್ ಸರ್ವರಿನ ರಿಸಾಲ್ವ್ ಫೈಲಿನ ಮೊದಲ ಸಾಲಿನಲ್ಲಿ ಹಾಗೇ ಉಳಿದಿರುವುದು ಪದೇ ಪದೇ ಕಾಣುವ ಸಂಗತಿ. ಎಲ್‌ಡ್ಯಾಪ್ ಸರ್ವರಿನ ಹೆಸರು ಹುಡುಕುವಾಗಲೆಲ್ಲ ಆ ಸತ್ತ ನಂಬರಿಗೆ ಮೊದಲು ಕರೆ ಹೋಗುತ್ತದೆ. ಕ್ಯಾಶ್‌ನಲ್ಲಿ ಇದ್ದವರಿಗೆ ಬೇಗ, ಇಲ್ಲದವರಿಗೆ 5 ಸೆಕೆಂಡ್. ಹಾಗಾಗಿ ನೋಡುವವರಿಗೆ ಕ್ಯಾಶ್ ಕೆಟ್ಟಂತೆಯೇ ಕಾಣುತ್ತದೆ.

ಅಪಾಚೆಯಲ್ಲಿ ಐಪಿ ಬದಲು ಹೋಸ್ಟ್ ಹೆಸರಿನ ಮೇಲೆ ಅನುಮತಿ ಕೊಟ್ಟಿದ್ದರೂ ಹೀಗೇ ಆಗುತ್ತದೆ, ಬಂದವರ ಐಪಿಯಿಂದ ಹೆಸರು, ಹೆಸರಿನಿಂದ ಮತ್ತೆ ಐಪಿ ಎಂದು ಎರಡು ಸಲ ಹುಡುಕಾಟ ನಡೆಯುತ್ತದೆ. ಐಪಿಯನ್ನೇ ಬರೆಯಿರಿ.

ಪಾಸ್‌ವರ್ಡ್ ಇರೋದು ಬರೀ ಫೈಲಿನಲ್ಲಿ. ಎಲ್‌ಡ್ಯಾಪೂ ಇಲ್ಲ, ಡೇಟಾಬೇಸೂ ಇಲ್ಲ. ಆದರೂ ಸಿಪಿಯು ನೂರಕ್ಕೆ ನೂರು!

ಪಾಸ್‌ವರ್ಡನ್ನು ಓದಲಾಗದ ರೂಪಕ್ಕೆ (ಹ್ಯಾಶ್) ತಿರುಗಿಸುವ ಬಿಕ್ರಿಪ್ಟ್ ವಿಧಾನದ ಕಾಸ್ಟ್, ಅಂದರೆ ಲೆಕ್ಕದ ಶ್ರಮದ ಮಟ್ಟ, ಎಷ್ಟಿದೆ ನೋಡಿ. ಅದು ಒಂದು ಹೆಚ್ಚಾದರೆ ಕೆಲಸ ಎರಡು ಪಟ್ಟು. ಅಪಾಚೆಯ ಎಚ್‌ಟಿಪಾಸ್‌ವರ್ಡ್ ಉಪಕರಣದ ಡೀಫಾಲ್ಟ್ 5, ಯಾರೋ ಅದನ್ನು 12 ಮಾಡಿದ್ದರೆ ಪ್ರತಿ ತಪಾಸಣೆಗೂ 128 ಪಟ್ಟು ಲೆಕ್ಕ. ಲಾಗಿನ್ ಪುಟದಲ್ಲಿ ದಿನಕ್ಕೊಂದು ಸಲವಾದರೆ 12 ಒಳ್ಳೆಯದೇ. ಬೇಸಿಕ್ ಅಥೆಂಟಿಕೇಶನ್‌ನಲ್ಲಿ ಪ್ರತಿ ಚಿತ್ರಕ್ಕೂ ಅದೇ ಲೆಕ್ಕ ಎಂದರೆ ಸಣ್ಣ ಸರ್ವರ್ ತಡೆಯುವುದಿಲ್ಲ.

ಸೋಕ್ಯಾಶ್ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಇಟ್ಟುಕೊಳ್ಳುವುದು ಹ್ಯಾಶನ್ನು ಮಾತ್ರ, ಟೈಪ್ ಮಾಡಿದ ಪಾಸ್‌ವರ್ಡನ್ನು ಅದಕ್ಕೆ ಹೋಲಿಸುವ ದುಬಾರಿ ಕೆಲಸ ಪ್ರತಿ ಸಲವೂ ನಡೆಯುತ್ತದೆ. ಹಾಗಂತ ಕಾಸ್ಟ್ ಇಳಿಸುವುದು ನನಗೆ ಇಷ್ಟವಿಲ್ಲ. ಫೈಲ್ ಕಳುವಾದ ದಿನ ನಿಮ್ಮ ಜನರನ್ನು ಕಾಯುವುದು ಅದೊಂದೇ. ಒಂದು ಸಲ ಬಿಕ್ರಿಪ್ಟ್ ತಪಾಸಣೆ ಮಾಡಿ, ಆಮೇಲೆ ಸೆಷನ್ ಕುಕಿ (ಈಗಾಗಲೇ ಲಾಗಿನ್ ಆಗಿದ್ದಾರೆ ಎಂದು ಹೇಳುವ ಗುರುತು ಚೀಟಿ) ಕೊಡುವ ಲಾಗಿನ್ ಪುಟಕ್ಕೆ ಹೋಗಿ.

ಎನ್‌ಜಿನ್‌ಎಕ್ಸ್‌ನಲ್ಲಿ ಆಥ್ ರಿಕ್ವೆಸ್ಟ್ ಬಳಸ್ತೀವಿ. ಅದನ್ನ ಕ್ಯಾಶ್ ಮಾಡಬಹುದಾ?

ಮಾಡಬಹುದು, ಆದರೆ ಈ ಪುಟದಲ್ಲಿ ಇದೊಂದು ಉತ್ತರವನ್ನು ಎರಡು ಸಲ ಓದಿ.

ಆಥ್ ರಿಕ್ವೆಸ್ಟ್ ಎಂದರೆ ಪ್ರತಿ ರಿಕ್ವೆಸ್ಟಿಗೂ ಎನ್‌ಜಿನ್‌ಎಕ್ಸ್ ಒಳಗೊಳಗೇ ನಿಮ್ಮ ಲಾಗಿನ್ ಸೇವೆಯನ್ನು ಒಂದು ಮಾತು ಕೇಳುವುದು. 200ರ ಸಾಲಿನ ಉತ್ತರ ಬಂದರೆ ಒಳಗೆ ಬಿಡುತ್ತದೆ, 401 ಅಥವಾ 403 ಬಂದರೆ ಹೊರಗೆ, ಬೇರೇನು ಬಂದರೂ ಎರರ್. ಈ ಉತ್ತರವನ್ನು ಪ್ರಾಕ್ಸಿ ಕ್ಯಾಶ್‌ನಲ್ಲಿ ಒಂದು ನಿಮಿಷ ಇಟ್ಟರೂ ಲಾಗಿನ್ ಸೇವೆಯ ಹೊರೆ ಬಹಳ ಇಳಿಯುತ್ತದೆ.

ಅಪಾಯ ಇರುವುದು ಕ್ಯಾಶ್ ಕೀಲಿಯಲ್ಲಿ, ಅಂದರೆ ಉಳಿಸಿದ ಉತ್ತರವನ್ನು ಹುಡುಕುವ ಗುರುತಿನಲ್ಲಿ. ಎನ್‌ಜಿನ್‌ಎಕ್ಸ್‌ನ ಡೀಫಾಲ್ಟ್ ಕೀಲಿಯಲ್ಲಿ ವಿಳಾಸ ಇರುತ್ತದೆ, ವ್ಯಕ್ತಿ ಇರುವುದಿಲ್ಲ. ಕೀಲಿಗೆ ಸೆಷನ್ ಕುಕಿಯನ್ನೋ ಆಥರೈಸೇಶನ್ ಹೆಡರನ್ನೋ ಸೇರಿಸದೆ ಕ್ಯಾಶ್ ಆನ್ ಮಾಡಿದರೆ, ಒಬ್ಬರಿಗೆ ಸಿಕ್ಕ 'ಸರಿ' ಮುಂದೆ ಬರುವ ಎಲ್ಲರಿಗೂ ಅನ್ವಯವಾಗುತ್ತದೆ. ಅಡಿಕೆ ಮಂಡಿಯ ಸೈಟ್ ಎಂದುಕೊಳ್ಳಿ. ಚನ್ನಗಿರಿಯ ಬೆಳೆಗಾರರೊಬ್ಬರು ಲಾಗಿನ್ ಆದ ಮರುಕ್ಷಣ ಲಾಗಿನ್ ಆಗದವರೂ ಒಳಗೆ. ಲಾಗಿನ್ ಸೇವೆ ಉತ್ತರದ ಜೊತೆ ಬಳಕೆದಾರರ ಹೆಸರನ್ನೂ ಕಳಿಸುತ್ತಿದ್ದರೆ ಇನ್ನೂ ಕಷ್ಟ, ಭೀಮಸಮುದ್ರದವರ ಪರದೆಯ ಮೇಲೆ ಚನ್ನಗಿರಿಯವರ ಬಾಕಿ ಲೆಕ್ಕ. ಸೈಟ್ ಮಾತ್ರ ಬಹಳ ವೇಗವಾಗಿರುತ್ತದೆ, ಹಾಗಾಗಿ ಯಾರೂ ದೂರುವುದಿಲ್ಲ.

ಆನ್ ಮಾಡಿದ ದಿನವೇ ಎರಡು ಬ್ರೌಸರಿನಲ್ಲಿ ಎರಡು ಹೆಸರಿನಿಂದ, ಮೂರನೆಯದರಲ್ಲಿ ಲಾಗಿನ್ ಇಲ್ಲದೆ ಪರೀಕ್ಷಿಸಿ. ಈ ಪರೀಕ್ಷೆ ಆಗದೆ ಜನರಿಗೆ ಬಿಡಬೇಡಿ.

ಕೀಲಿ ಸರಿಯಿದ್ದೂ ಕ್ಯಾಶ್ ತುಂಬುತ್ತಿಲ್ಲವೇ? ಲಾಗಿನ್ ಸೇವೆ ಪ್ರತಿ ಉತ್ತರದಲ್ಲೂ ಹೊಸ ಕುಕಿ ಇಡುತ್ತಿರಬಹುದು. ಸೆಟ್-ಕುಕಿ ಹೆಡರ್ ಇರುವ ಉತ್ತರವನ್ನು ಎನ್‌ಜಿನ್‌ಎಕ್ಸ್ ಕ್ಯಾಶ್ ಮಾಡುವುದಿಲ್ಲ. ಕ್ಯಾಶ್-ಕಂಟ್ರೋಲ್‌ನಲ್ಲಿ ಪ್ರೈವೇಟ್ ಅಥವಾ ನೋ-ಸ್ಟೋರ್ ಇದ್ದರೂ ಇಲ್ಲ. ಆ ಹೆಡರನ್ನು ಎನ್‌ಜಿನ್‌ಎಕ್ಸ್ ಕಡೆಗಣಿಸುವಂತೆ ಮಾಡುವುದಕ್ಕಿಂತ ಲಾಗಿನ್ ಸೇವೆ ಸುಮ್ಮಸುಮ್ಮನೆ ಕುಕಿ ಇಡದಂತೆ ತಿದ್ದುವುದು ಸರಿಯಾದ ದಾರಿ.

ಒಬ್ಬರೇ ಮೂರು ಟ್ಯಾಬ್ ತೆರೆದ್ರೆ ಮೂರೂ ಒಂದಾದ ಮೇಲೊಂದು ಬರುತ್ತೆ. ಬೇರೆಯವರಿಗೆ ತೊಂದರೆ ಇಲ್ಲ.

ಸೈಟ್ ಪಿಎಚ್‌ಪಿ ಭಾಷೆಯಲ್ಲಿದ್ದರೆ ಇದು ಅದರ ಸೆಷನ್ ಲಾಕ್. ಸೆಷನ್ ಫೈಲಿನಲ್ಲಿದ್ದರೆ, ಅದನ್ನು ತೆರೆದ ಮೊದಲ ಪುಟ ಮುಗಿಯುವವರೆಗೆ ಅದೇ ವ್ಯಕ್ತಿಯ ಉಳಿದ ಪುಟಗಳು ಕಾಯುತ್ತವೆ. ಹೆಸರು ಓದಿಕೊಂಡ ಮೇಲೆ ಸೆಷನ್ ಮುಚ್ಚುವಂತೆ ಕೋಡ್ ಬರೆಯಿಸಿ. ಓದುವುದಷ್ಟೇ ಇದ್ದರೆ ಓದಿ ತಕ್ಷಣ ಮುಚ್ಚುವ ಆಯ್ಕೆ ಪಿಎಚ್‌ಪಿ 7ರಿಂದ ಇದೆ.

ಕರೆಂಟ್ ಹೋಗಿ ಬಂದ ಮೇಲೆ ಸೈಟ್ ಡೇಟಾಬೇಸಿಗೆ ಕನೆಕ್ಟ್ ಆಗಲ್ಲ, ಯಾರಾದ್ರೂ ಕೈಯಾರೆ ಒಂದ್ಸಲ ಲಾಗಿನ್ ಆದ್ರೆ ಸರಿಹೋಗುತ್ತೆ. ಇದೆಂಥದು?

ಮೈಎಸ್‌ಕ್ಯೂಎಲ್ ಡೇಟಾಬೇಸಿನ 8ನೇ ಆವೃತ್ತಿಯ ಡೀಫಾಲ್ಟ್ ಅಥೆಂಟಿಕೇಶನ್ ವಿಧಾನದಲ್ಲಿ ಒಂದು ಕ್ಯಾಶ್ ಇದೆ. ಮೊದಲ ಸಲ ಪೂರ್ಣ ತಪಾಸಣೆ, ಅದಕ್ಕೆ ಟಿಎಲ್‌ಎಸ್, ಯುನಿಕ್ಸ್ ಸಾಕೆಟ್ ಅಥವಾ ಆರ್‌ಎಸ್‌ಎ ಕೀ ಬೇಕು. ಆಮೇಲಿನವು ಮೆಮೊರಿಯಲ್ಲಿರುವ ಕ್ಯಾಶ್‌ನಿಂದ ಸರಸರ ಮುಗಿಯುತ್ತವೆ. ಡೇಟಾಬೇಸ್ ರೀಸ್ಟಾರ್ಟ್ ಆದರೆ ಆ ಕ್ಯಾಶ್ ಖಾಲಿ. ಆ್ಯಪ್‌ಗೆ ಟಿಎಲ್‌ಎಸ್ ಇಲ್ಲದಿದ್ದರೆ ಪೂರ್ಣ ತಪಾಸಣೆ ಮಾಡಲಾಗದೆ ಸೋಲುತ್ತದೆ, ಬೇರೆ ಯಾರೋ ಅದೇ ಹೆಸರಿನಲ್ಲಿ ಸುರಕ್ಷಿತ ದಾರಿಯಿಂದ ಲಾಗಿನ್ ಆದಾಗ ಕ್ಯಾಶ್ ತುಂಬಿ ಎಲ್ಲ ಸರಿಯಾಗುತ್ತದೆ.

ಒಂದೇ ಯಂತ್ರವಾದರೆ ಯುನಿಕ್ಸ್ ಸಾಕೆಟ್ ಬಳಸಿ, ಬೇರೆ ಯಂತ್ರವಾದರೆ ಟಿಎಲ್‌ಎಸ್ ಆನ್ ಮಾಡಿ. ಹಳೆಯ ನೇಟಿವ್ ಪಾಸ್‌ವರ್ಡ್ ವಿಧಾನಕ್ಕೆ ಹಿಂತಿರುಗಬೇಡಿ, 8.4ರಲ್ಲಿ ಅದು ಡೀಫಾಲ್ಟ್ ಆಗಿ ಮುಚ್ಚಿದೆ, 9.0ರಲ್ಲಿ ತೆಗೆದೇ ಹಾಕಿದ್ದಾರೆ. ಇನ್ನೊಂದು: ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಫ್ಲಶ್ ಪ್ರಿವಿಲೇಜಸ್ ಎಂಬ ಸಾಲು ಇದೆಯೇ ಹುಡುಕಿ. ಅದೂ ಈ ಕ್ಯಾಶನ್ನು ಖಾಲಿ ಮಾಡುತ್ತದೆ. ಗ್ರಾಂಟ್ ಆದೇಶದಿಂದ ಅನುಮತಿ ಕೊಟ್ಟಿದ್ದರೆ ಆ ಸಾಲಿನ ಅಗತ್ಯವೇ ಇಲ್ಲ.

ಮೆಕ್ಕೆಜೋಳದ ಸೀಸನ್‌ನಲ್ಲಿ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ರೇಟ್ ನೋಡೋಕೆ ಬರ್ತಾರೆ. ಹತ್ತು ಹತ್ತು ನಿಮಿಷಕ್ಕೆ ಒಂದ್ಸಲ ಸೈಟ್ ಗಕ್ಕನೆ ನಿಲ್ಲುತ್ತೆ.

ಹತ್ತು ನಿಮಿಷ ಎಂದರೆ 600 ಸೆಕೆಂಡ್, ಮೇಲೆ ಹೇಳಿದ ಎಲ್‌ಡ್ಯಾಪ್ ಕ್ಯಾಶ್‌ನ ಆಯಸ್ಸು. ಒಟ್ಟಿಗೆ ಬಂದವರ ನಮೂದುಗಳು ಒಟ್ಟಿಗೇ ಅವಧಿ ಮೀರುತ್ತವೆ, ಎಲ್ಲರ ತಪಾಸಣೆಯೂ ಒಂದೇ ಗಳಿಗೆಯಲ್ಲಿ ಹಿಂದಿನ ಸರ್ವರಿನ ಮೇಲೆ ಬೀಳುತ್ತದೆ. ನಿಮ್ಮದೇ ಕೋಡಿನ ಕ್ಯಾಶ್ ಆದರೆ ಪ್ರತಿ ನಮೂದಿನ ಆಯಸ್ಸಿಗೂ ಒಂದಿಷ್ಟು ಏರಿಳಿತ ಸೇರಿಸಿ, 540ರಿಂದ 660ರ ನಡುವೆ ಎಲ್ಲೋ ಒಂದು ಎಂಬಂತೆ. ಎನ್‌ಜಿನ್‌ಎಕ್ಸ್ ಆದರೆ ಕ್ಯಾಶ್ ಲಾಕ್ ಆನ್ ಮಾಡಿ, ಒಂದೇ ಕೀಲಿಗೆ ಹಲವು ರಿಕ್ವೆಸ್ಟ್ ಬಂದರೂ ಹಿಂದಕ್ಕೆ ಒಂದೇ ಹೋಗುತ್ತದೆ. ಬೆಳಿಗ್ಗೆ ಜನ ಬರುವ ಹೊತ್ತಿಗೇ ಸರಿಯಾಗಿ ಸರ್ವರ್ ರೀಸ್ಟಾರ್ಟ್ ಮಾಡುವ ಅಭ್ಯಾಸ ಇದ್ದರೆ ಬಿಡಿ. ಬೆಚ್ಚಗಿದ್ದ ಕ್ಯಾಶ್ ಅಷ್ಟೂ ಹೋಗುತ್ತದೆ.

ಸೆಷನ್ ರೆಡಿಸ್‌ನಲ್ಲಿದೆ. ಜನರು ತಾವಾಗೇ ಲಾಗೌಟ್ ಆಗ್ತಿದ್ದಾರೆ.

ಪುಟಗಳ ಕ್ಯಾಶ್ ಮತ್ತು ಸೆಷನ್ ಎರಡನ್ನೂ ಒಂದೇ ರೆಡಿಸ್‌ನಲ್ಲಿ (ಮೆಮೊರಿಯಲ್ಲೇ ಮಾಹಿತಿ ಇಡುವ ಸಂಗ್ರಹ) ತುಂಬಿರಬೇಕು. ಮೆಮೊರಿ ತುಂಬಿದಾಗ ಯಾವ ಕೀಲಿಯನ್ನಾದರೂ ತೆಗೆಯಬಹುದು ಎಂಬ ನೀತಿ ಇದ್ದರೆ ಸೆಷನ್ನೂ ಹೋಗುತ್ತದೆ. ಲಾಗೌಟ್ ಆದವರು ಮತ್ತೆ ಲಾಗಿನ್ ಆಗುತ್ತಾರೆ, ಬಿಕ್ರಿಪ್ಟ್ ಹೊರೆ ಏರುತ್ತದೆ, ಸೈಟ್ ಇನ್ನೂ ನಿಧಾನ. ಸೆಷನ್‌ಗೆ ಬೇರೆ ರೆಡಿಸ್ ಇನ್‌ಸ್ಟೆನ್ಸ್ ಇಡಿ.

ಗೂಗಲ್ ಲಾಗಿನ್ ಹಾಕಿಸಿದ ಮೇಲೆ ಪ್ರತಿ ಕ್ಲಿಕ್ಕೂ ತಡ.

ಟೋಕನ್ (ಗೂಗಲ್ ಕೊಡುವ ಲಾಗಿನ್ ಚೀಟಿ) ನಿಜವೋ ಸುಳ್ಳೋ ಎಂದು ಪ್ರತಿ ಸಲ ಗೂಗಲ್‌ಗೆ ಕರೆ ಮಾಡಿ ಕೇಳುವಂತೆ ಕೋಡ್ ಬರೆದಿದ್ದಾರೆ. ಆ ವಿಳಾಸ ಇರುವುದು ಡೀಬಗ್ ಮಾಡಲು. ಗೂಗಲ್‌ನ ಸಾರ್ವಜನಿಕ ಕೀಗಳನ್ನು ಒಮ್ಮೆ ತಂದು, ಅವುಗಳ ಕ್ಯಾಶ್-ಕಂಟ್ರೋಲ್ ಹೆಡರ್ ಹೇಳಿದಷ್ಟು ಕಾಲ ಇಟ್ಟುಕೊಂಡು, ಸಹಿಯನ್ನು ನಿಮ್ಮ ಸರ್ವರಿನಲ್ಲೇ ಪರೀಕ್ಷಿಸಬೇಕು. ಸರ್ವರಿನ ಗಡಿಯಾರ ಸರಿಯಿರಲಿ, ಹಿಂದೆಮುಂದೆ ಇದ್ದರೆ ಒಳ್ಳೆಯ ಟೋಕನ್ನೂ ಅವಧಿ ಮೀರಿದಂತೆ ಕಾಣುತ್ತದೆ.

ಕ್ಯಾಶ್ ಆಯಸ್ಸು ಎಷ್ಟಿಡಬೇಕು? ಒಂದು ದಿನ ಇಟ್ಟರೆ ಎಲ್ಲಾ ಸಲೀಸಲ್ಲವಾ?

ಆಯಸ್ಸು ಎಂದರೆ, ನೀವು ತೆಗೆದುಹಾಕಿದ ವ್ಯಕ್ತಿ ಇನ್ನೂ ಎಷ್ಟು ಹೊತ್ತು ಒಳಗೆ ಓಡಾಡಬಹುದು ಎಂಬ ತೀರ್ಮಾನ. ಸಂಘದ ಗುಮಾಸ್ತರೊಬ್ಬರು ಮಧ್ಯಾಹ್ನ ಕೆಲಸ ಬಿಟ್ಟರು, ಅವರ ಹೆಸರನ್ನು ಪಟ್ಟಿಯಿಂದ ಅಳಿಸಿದಿರಿ. ಕ್ಯಾಶ್ ಒಂದು ದಿನದ್ದಾದರೆ ಮರುದಿನ ಮಧ್ಯಾಹ್ನದವರೆಗೂ ಅವರ ಹಳೆಯ ಪಾಸ್‌ವರ್ಡ್ ನಡೆಯಬಹುದು. ಲಿನಕ್ಸ್ ಖಾತೆಗಳಿಗೆ ಬಳಸುವ ಎಸ್‌ಎಸ್‌ಎಸ್‌ಡಿಯೇ ಬಳಕೆದಾರರ ವಿವರಗಳನ್ನು ಡೀಫಾಲ್ಟ್ ಆಗಿ 5400 ಸೆಕೆಂಡ್, ಅಂದರೆ ಒಂದೂವರೆ ಗಂಟೆ ಹಿಡಿದಿಡುತ್ತದೆ. ಒಬ್ಬರನ್ನು ಗುಂಪಿನಿಂದ ತೆಗೆದ ಮೇಲೆ ಅದರ ಕ್ಯಾಶ್ ಖಾಲಿ ಮಾಡುವ ಆದೇಶವನ್ನೂ ಓಡಿಸಿ. ಅದರ ಜೊತೆ ಇಂಥದೇ ಕ್ಯಾಶ್ ಇಡುವ ಹಳೆಯ ಎನ್‌ಎಸ್‌ಸಿಡಿಯೂ ಓಡುತ್ತಿದ್ದರೆ ಖಾತೆಗಳ ವಿಷಯದಲ್ಲಿ ಒಂದನ್ನು ನಿಲ್ಲಿಸಿ. ಇಬ್ಬರೂ ಬೇರೆ ಬೇರೆ ನೆನಪಿಟ್ಟುಕೊಂಡು ಗೊಂದಲ ಮಾಡುತ್ತಾರೆ.

ನನ್ನ ಅಭಿಪ್ರಾಯ ಹೇಳುವುದಾದರೆ: ನೋಡುವ ಪುಟಗಳಿಗೆ 5 ನಿಮಿಷ ಸಾಕು. ಬೆಳಿಗ್ಗೆಯಿಂದ ಕ್ಲಿಕ್ ಮಾಡುತ್ತಿರುವ ಒಬ್ಬರಿಗೆ ನೂರಾರು ತಪಾಸಣೆ ಇದ್ದದ್ದು 5 ನಿಮಿಷಕ್ಕೊಂದಾಗುತ್ತದೆ, ಅಷ್ಟರಲ್ಲೇ ಹೊರೆ ನೆಲಕ್ಕಿಳಿದಿರುತ್ತದೆ. ಅದನ್ನು 24 ಗಂಟೆ ಮಾಡಿದರೆ ಸಿಗುವ ಹೆಚ್ಚುವರಿ ಲಾಭ ಅತ್ಯಲ್ಪ, ಅಪಾಯ ಮಾತ್ರ ಪೂರ್ತಿ. ಹಣ ಪಾವತಿ, ಅಂಕ ತಿದ್ದುಪಡಿ, ರೋಗಿಯ ದಾಖಲೆ ಇರುವ ಕಡೆ ಕ್ಯಾಶ್ ಬೇಡವೇ ಬೇಡ, ನೇರ ತಪಾಸಣೆಯೇ ಇರಲಿ. ಆ ಪುಟ ಅರ್ಧ ಸೆಕೆಂಡ್ ತಡವಾದರೂ ಜನ ಸಹಿಸುತ್ತಾರೆ.

ಕ್ಯಾಶ್ ಎಲ್ಲಾ ಸರಿ ಇದೆ. ಆದರೂ ರಾತ್ರಿ ಹೊತ್ತು ಡೇಟಾಬೇಸ್ ಮೇಲೆ ಲೋಡ್.

ಲಾಗ್‌ನಲ್ಲಿ 401 ಎಣಿಸಿ. ಹೊರಗಿನಿಂದ ಬಾಟ್‌ಗಳು ಅಡ್ಮಿನ್, ಟೆಸ್ಟ್ ಅಂತ ಇಲ್ಲದ ಹೆಸರುಗಳನ್ನು ಪ್ರಯತ್ನಿಸುತ್ತಿರಬಹುದು. ಸೋಕ್ಯಾಶ್‌ನಲ್ಲಿ ಉಳಿಯುವುದು ಇರುವ ಬಳಕೆದಾರರ ಹ್ಯಾಶ್ ಮಾತ್ರ. ಇಲ್ಲದ ಹೆಸರಿಗೆ ಪ್ರತಿ ಸಲವೂ ಡೇಟಾಬೇಸನ್ನೇ ಕೇಳಬೇಕು. ಪದೇ ಪದೇ ತಪ್ಪು ಲಾಗಿನ್ ಮಾಡುವ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ಹಾಕಿ, ಲಾಗಿನ್ ವಿಳಾಸಕ್ಕೆ ನಿಮಿಷಕ್ಕಿಷ್ಟೇ ಎಂಬ ಮಿತಿ ಇಡಿ. 401 ಎಲ್ಲವೂ ಒಳಗಿನ ಒಂದೇ ಐಪಿಯಿಂದ ಬರುತ್ತಿದ್ದರೆ ಅದು ಬಾಟ್ ಅಲ್ಲ. ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಹಳೆಯದನ್ನೇ ಉಳಿಸಿಕೊಂಡ ಯಾವುದೋ ಫೋನೋ ಬಯೋಮೆಟ್ರಿಕ್ ಯಂತ್ರವೋ ನಿಮಿಷ ನಿಮಿಷಕ್ಕೂ ಬಾಗಿಲು ತಟ್ಟುತ್ತಿರುತ್ತದೆ. ಅದನ್ನು ಹುಡುಕಿ ಹೊಸ ಪಾಸ್‌ವರ್ಡ್ ಹಾಕಿ.

ಇಷ್ಟೆಲ್ಲಾ ಯಾಕೆ, ದೊಡ್ಡ ಸರ್ವರ್ ತಗೊಂಡ್ರೆ ಆಗಲ್ವಾ?

ಬಿಕ್ರಿಪ್ಟ್ ಪ್ರಕರಣದಲ್ಲಿ ಸ್ವಲ್ಪ ಉಪಯೋಗ ಆಗಬಹುದು, ಅಲ್ಲಿ ಸಿಪಿಯು ನಿಜವಾಗಿ ದುಡಿಯುತ್ತಿದೆ. ಉಳಿದ ಕಡೆ ಸರ್ವರ್ ದುಡಿಯುತ್ತಿಲ್ಲ, ಕಾಯುತ್ತಿದೆ. ಎಲ್‌ಡ್ಯಾಪ್‌ನ ಉತ್ತರಕ್ಕೆ, ಡಿಎನ್‌ಎಸ್‌ನ ಉತ್ತರಕ್ಕೆ, ಸೆಷನ್ ಲಾಕ್ ಬಿಡುವುದಕ್ಕೆ. ಕಾಯುವ ಯಂತ್ರಕ್ಕೆ 32 ಕೋರ್ ಕೊಟ್ಟರೆ 32 ಕೋರೂ ಕಾಯುತ್ತವೆ. ನಿಧಾನವಾಗಿರುವ ಹೊತ್ತಿನಲ್ಲೇ ಟಾಪ್ ಆದೇಶ ಓಡಿಸಿ ಸಿಪಿಯು ಎಷ್ಟು ಖಾಲಿ ಇದೆ ನೋಡಿ, ಅಪಾಚೆಯ ಸರ್ವರ್-ಸ್ಟೇಟಸ್ ಪುಟದಲ್ಲಿ ಎಷ್ಟು ವರ್ಕರ್‌ಗಳು (ರಿಕ್ವೆಸ್ಟ್ ನೋಡಿಕೊಳ್ಳುವ ಅಪಾಚೆಯ ಆಳುಗಳು) ಸಿಕ್ಕಿಹಾಕಿಕೊಂಡಿವೆ ನೋಡಿ. ಸಿಪಿಯು ಖಾಲಿ, ವರ್ಕರ್‌ಗಳು ಭರ್ತಿ ಎಂದಾದರೆ ಆ ಎರಡು ಪರದೆಯ ಫೋಟೋ ತೆಗೆದು ಕೊಟೇಶನ್ನಿನ ಜೊತೆ ಮ್ಯಾನೇಜ್‌ಮೆಂಟಿನ ಮುಂದೆ ಇಡಿ.